ಪೋಂಡಾದಲ್ಲಿ 60 ಅಡಿ ಟವರ್ ಕಟ್ಟಬೇಕು, ಹತ್ತಿದವರು ಹೇಳಿ

ಪೋಂಡಾದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೈಗೆ ಬಂತು, ಜನರಲ್ ಗ್ರೇಡ್. ಇಲ್ಲಿ ಸ್ವಂತ ಮನೆ, ಸುತ್ತ ತೆಂಗಿನ ತೋಟ, ಜಾಗಕ್ಕೇನೂ ಕೊರತೆ ಇಲ್ಲ. ಹಳೇ ಲ್ಯಾಟಿಸ್ ಟವರ್ ಒಂದು ಗುಜರಿ ರೇಟಿಗೆ ಸಿಗ್ತಾ ಇದೆ, 10 ಅಡಿಯ ಆರು ತುಂಡು. ತುದಿಯಲ್ಲಿ 20 ಮೀಟರ್ ಬ್ಯಾಂಡಿಗೆ ಮೂರು ಎಲಿಮೆಂಟಿನ (ಅಡ್ಡ ಕಡ್ಡಿಗಳ) ಯಾಗಿ ಆಂಟೆನಾ, ಅದನ್ನ ತಿರುಗಿಸೋಕೆ ಒಂದು ರೊಟೇಟರ್ ಮೋಟಾರು, ಅದರ ಮೇಲೆ 2 ಮೀಟರ್ ಬ್ಯಾಂಡಿನ ವರ್ಟಿಕಲ್ (ನೆಟ್ಟಗೆ ನಿಲ್ಲೋ ಆಂಟೆನಾ) ಹಾಕೋ ಆಸೆ. ಕೇಬಲ್ ಟಿವಿ ಹುಡುಗರು ತಾವೇ ಹತ್ತಿ ಕಟ್ಟಿಕೊಡ್ತೀವಿ ಅಂತಿದ್ದಾರೆ. ಗೋವಾದ ಮಳೆ ನಿಮಗೆ ಗೊತ್ತೇ ಇದೆ. ಕಟ್ಟಿದವರು, ಸಾಕಿದವರು ಸ್ವಲ್ಪ ಅನುಭವ ಹೇಳಿ.

ಚಿಂಚವಾಡದಿಂದ:

ಸರ್, ದುಡ್ಡು ಕೊಡೋ ಮೊದಲು ಒಂದು ಸುತ್ತಿಗೆ ತಗೊಂಡು ಹೋಗಿ. ನಾನು ಫ್ಯಾಬ್ರಿಕೇಶನ್ ಕೆಲಸದವನು, ಬಣ್ಣ ನೋಡಿ ಟವರ್ ನಂಬೋದಿಲ್ಲ. ಕಾಲುಗಳು ಪೈಪಿನವಾದರೆ ತುಕ್ಕು ಒಳಗಿಂದ ತಿನ್ನುತ್ತೆ. ನೀರು ಇಳಿಯೋ ತೂತು ಮುಚ್ಚಿಹೋಗಿ, ಪ್ರತಿ ತುಂಡಿನ ಕೆಳತುದಿಯಲ್ಲಿ ನೀರು ನಿಂತಿರುತ್ತೆ. ಆ ಒಂದು ಗೇಣು ಜಾಗವನ್ನ ಸುತ್ತಲೂ ತಟ್ಟಿ. ಖಣ್ ಅಂದರೆ ಸರಿ. ಮಂದ ಸದ್ದು ಬಂದರೆ ಆ ತುಂಡು ಬೇಡ, ಎಷ್ಟೇ ಅಗ್ಗ ಆದರೂ ಬೇಡ.

ಗಾಳಿ ಲೆಕ್ಕ ಹಾಕಿ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದ ಪ್ರಕಾರ ಪಣಜಿಗೂ ಪುಣೆಗೂ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಮುಂಬೈಗೆ 44. 39 ಅಂದರೆ ಗಂಟೆಗೆ 140 ಕಿ.ಮೀ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. "ಇಷ್ಟು ವರ್ಷ ನಿಂತಿತ್ತಲ್ಲ" ಅನ್ನೋದು ಬರಿ ಟವರಿನ ಮಾತು, ಯಾಗಿ ಹೊತ್ತ ಟವರಿನದಲ್ಲ.

60 ಅಡಿಗೆ ಗೈ ವೈರ್ (ಟವರನ್ನ ಎಳೆದು ಹಿಡಿಯೋ ತಂತಿ) ಎರಡು ಹಂತದಲ್ಲಿ, ಮೂರು ದಿಕ್ಕಿಗೆ ಬೇಕು. ಗೂಟ ಬುಡದಿಂದ 48 ಅಡಿ ದೂರ, ಅಂದರೆ ಎತ್ತರದ ಶೇ. 80ರಷ್ಟು, ಇದ್ದರೆ ಚೆನ್ನ. ತೆಂಗಿನ ಮರ ಇದೆಯಲ್ಲ ಅಂತ ಅದಕ್ಕೇ ಬಿಗಿಯಬೇಡಿ. ಮರ ತೂಗಿದಾಗಲೆಲ್ಲ ಟವರನ್ನ ಜಗ್ಗುತ್ತೆ. ತಂತಿಯ ಕ್ಲಾಂಪ್ ಹಾಕುವಾಗ ಯು ಬೋಲ್ಟ್ ಮಡಚಿದ ಚಿಕ್ಕ ತುದಿಯ ಮೇಲೆ ಕೂರಬೇಕು, ಅಗಲದ ಭಾಗ ಭಾರ ಹೊರುವ ತಂತಿಯ ಮೇಲೆ. ಇದನ್ನ ಉಲ್ಟಾ ಹಾಕಿದ್ದೇ ಜಾಸ್ತಿ ನೋಡ್ತೀನಿ. ಟರ್ನ್‌ಬಕಲ್‌ಗಳ (ತಂತಿ ಬಿಗಿ ಮಾಡೋ ತಿರುಪುಗಳ) ಒಳಗೆ ಒಂದು ತಂತಿ ತೂರಿಸಿ ಕಟ್ಟಿಬಿಡಿ, ಇಲ್ಲದಿದ್ದರೆ ಗಾಳಿಯ ಅದುರಿಗೆ ತಾವೇ ಬಿಚ್ಚಿಕೊಳ್ತವೆ.

ಬುನಾದಿ ವಿಷಯದಲ್ಲಿ ನೀವು ಪುಣ್ಯವಂತರು. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತೆ, ಟವರ್ ಓಲುತ್ತೆ. ಗಟ್ಟಿ ನೆಲ ಸಿಗೋವರೆಗೂ ಅಗೆಯಲೇಬೇಕು. ನಿಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಇರಬೇಕಲ್ವಾ?

ಡೊಂಬಿವಲಿಯಿಂದ:

ಮಾರಾಯ್ರೆ, ಆ ಕೇಬಲ್ ಹುಡುಗರನ್ನ ಮೊದಲು ಬೇಡ ಅನ್ನಿ. ಚಪ್ಪಲಿ ಹಾಕ್ಕೊಂಡು, ಸೊಂಟಕ್ಕೊಂದು ಹಗ್ಗ ಸುತ್ತಿಕೊಂಡು ಹತ್ತೋರು ಅವರು. ಸೊಂಟದ ಬೆಲ್ಟ್ ಸಾಲದು, ಮೈಪೂರ್ತಿ ಹಾರ್ನೆಸ್ ಬೇಕು, ಅದಕ್ಕೆ ಎರಡು ಕೊಕ್ಕೆ. ಒಂದು ಕೊಕ್ಕೆ ಮೇಲೆ ಸಿಕ್ಕಿಸಿದ ಮೇಲಷ್ಟೇ ಕೆಳಗಿನದನ್ನ ಬಿಡಿಸಬೇಕು. ಯಾವ ಕ್ಷಣದಲ್ಲೂ ಎರಡೂ ಬಿಟ್ಟಿರಬಾರದು. ಒಬ್ಬರೇ ಹತ್ತಲೇಬಾರದು.

ಮೇಲಿರೋನು ಭಾರ ಎಳೆಯೋದಿಲ್ಲ, ಎಳೆಯೋರು ಕೆಳಗಿರ್ತಾರೆ. ನಾವು 12 ಅಡಿ ಪೈಪಿನ ತುದಿಗೆ ರಾಟೆ ಹಾಕಿ, ಅದನ್ನ ನಿಂತಿರುವ ತುಂಡಿಗೆ ಕ್ಲಾಂಪ್ ಮಾಡ್ತೀವಿ. ಹೊಸ ತುಂಡನ್ನ ಅರ್ಧಕ್ಕಿಂತ ಸ್ವಲ್ಪ ಮೇಲೆ ಕಟ್ಟಿದರೆ ನೆಟ್ಟಗೆ ಏರುತ್ತೆ. ಯಾಗಿ ಏರಿಸುವಾಗ ಇನ್ನೊಂದು ಹಗ್ಗ ಅದರ ಪಕ್ಕಕ್ಕೆ ಕಟ್ಟಿ ದೂರದಿಂದ ಹಿಡಿದಿರಬೇಕು, ಗೈ ವೈರಿಗೆ ಸಿಕ್ಕಿಕೊಳ್ಳದ ಹಾಗೆ. ಕೆಳಗಿರೋರಿಗೂ ಹೆಲ್ಮೆಟ್. 60 ಅಡಿಯಿಂದ ಬಿದ್ದ ಸ್ಪ್ಯಾನರ್ ಯಾರನ್ನೂ ಕೇಳಿ ಬೀಳೋದಿಲ್ಲ.

ಹತ್ತೋ ಮುಂಚೆ ರೊಟೇಟರಿನ ಕಂಟ್ರೋಲ್ ಪ್ಲಗ್ ಕಿತ್ತು, ಹತ್ತೋನ ಜೇಬಿಗೇ ಹಾಕಿ. ರೇಡಿಯೋದಿಂದ ಕೇಬಲ್ ಬಿಚ್ಚಿ. ಮನೆಯೊಳಗೆ ಯಾರೋ ಸುಮ್ನೆ ಬಟನ್ ಒತ್ತಿದರೆ ಮೇಲೆ ಮಾಸ್ಟ್ (ಆಂಟೆನಾ ಹೊತ್ತ ಕಂಬ) ತಿರುಗುತ್ತೆ, ಮಧ್ಯೆ ಕೈ ಇರುತ್ತೆ.

ಇನ್ನೊಂದು. ಯಾಗಿಯನ್ನ ನೆಲದಲ್ಲೇ ಪರೀಕ್ಷಿಸಿ. ಬೂಮನ್ನ (ಎಲಿಮೆಂಟುಗಳನ್ನ ಹೊತ್ತ ಪೈಪನ್ನ) ಲಂಬವಾಗಿ ನಿಲ್ಲಿಸಿ, ರಿಫ್ಲೆಕ್ಟರ್ (ಹಿಂದಿನ ಎಲಿಮೆಂಟ್) ಕೆಳಗೆ, ಮೂತಿ ಆಕಾಶಕ್ಕೆ. ಹಾಗಿಟ್ಟರೆ ನೆಲದ ಪ್ರಭಾವ ಕಡಿಮೆ. ಅಲ್ಲಿ ಸರಿಬರದ ಎಸ್‌ಡಬ್ಲ್ಯೂಆರ್ (ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತೆ ಅನ್ನೋ ಅಳತೆ, ಕಡಿಮೆ ಇದ್ದಷ್ಟೂ ಚೆನ್ನ) ಮೇಲೆ ಹೋದಮೇಲೆ ತಾನಾಗಿ ಬರೋದಿಲ್ಲ.

ವಾಸ್ಕೋದಿಂದ:

ನಮ್ಮ ಕಡೆ ಎತ್ತರದ ತಾಪತ್ರಯಕ್ಕಿಂತ ನೀರು, ಉಪ್ಪಿನ ತಾಪತ್ರಯ ಜಾಸ್ತಿ. ಟವರ್ ಒಂದು ಸಲ ಕಟ್ಟೋದು, ಕನೆಕ್ಟರ್ ಜೀವನವಿಡೀ ನೋಡ್ಕೋಬೇಕು. ಪಿಎಲ್-259 ನೀರು ತಡೆಯೋ ಕನೆಕ್ಟರೇ ಅಲ್ಲ. ಸಾಧ್ಯವಾದರೆ ಮೇಲೆ ಎನ್ ಕನೆಕ್ಟರ್ ಹಾಕಿ. ಯಾವುದೇ ಇರಲಿ, ತನಗೆ ತಾನೇ ಅಂಟಿ ಒಂದಾಗೋ ರಬ್ಬರ್ ಟೇಪನ್ನ ಚೆನ್ನಾಗಿ ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ. ಆಗ ಸುತ್ತುಗಳು ಹಂಚಿನ ಹಾಗೆ ಒಂದರ ಮೇಲೊಂದು ಕೂತು ನೀರನ್ನ ಹೊರಗೇ ಇಳಿಸ್ತವೆ. ಬಿಸಿಲಿಗೆ ಹಾಳಾಗದಿರಲಿ ಅಂತ ಅದರ ಮೇಲೆ ಕಪ್ಪು ಪಿವಿಸಿ ಟೇಪ್. ಕೇಬಲ್ ಮನೆಯೊಳಗೆ ಬರೋ ಜಾಗದಲ್ಲಿ ಕೆಳಕ್ಕೆ ಒಂದು ಬಾಗು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಒಂದು ವಿಚಿತ್ರ ಹೇಳ್ತೀನಿ. ನೀರು ಹೊಕ್ಕ ಕೇಬಲಿನಲ್ಲಿ ಎಸ್‌ಡಬ್ಲ್ಯೂಆರ್ ಕೆಲವು ಸಲ ಮೊದಲಿಗಿಂತ ಚೆಂದ ಕಾಣುತ್ತೆ! ಕೇಬಲ್ ಶಕ್ತಿ ನುಂಗ್ತಾ ಇರುತ್ತೆ, ಆಂಟೆನಾದಿಂದ ವಾಪಸ್ ಬರೋದೂ ದಾರಿಯಲ್ಲೇ ಕರಗುತ್ತೆ, ಮೀಟರಿಗೆ ಏನೂ ಕಾಣೋದಿಲ್ಲ. ಮಳೆಗಾಲದಲ್ಲಿ ಮೀಟರ್ ಸುಧಾರಿಸಿ, ಸ್ಟೇಷನ್‌ಗಳು ಮಂಕಾದರೆ ಕೇಬಲ್ ಮೇಲೇ ಅನುಮಾನ ಪಡಿ. ಹೊಸದರಲ್ಲೇ ನ್ಯಾನೋವಿಎನ್‌ಎ (ಆಂಟೆನಾ, ಕೇಬಲ್ ಅಳೆಯೋ ಪುಟ್ಟ ಯಂತ್ರ) ಇಟ್ಟು, ಮೇಲಿನ ತುದಿ ತೆರೆದು ರಿಟರ್ನ್ ಲಾಸ್ (ಹೋಗಿ ವಾಪಸ್ ಬರೋ ಸಿಗ್ನಲ್ ಎಷ್ಟು ಕುಗ್ಗಿತು ಅನ್ನೋದು) ಅಳೆದು ಬರೆದಿಡಿ. ಅದರ ಅರ್ಧ ನಿಮ್ಮ ಕೇಬಲಿನ ನಷ್ಟ.

ಕೇಬಲ್ ಆರಿಸುವಾಗ 2 ಮೀಟರ್ ಬ್ಯಾಂಡನ್ನ ಲೆಕ್ಕಕ್ಕಿಡಿ. 100 ಅಡಿ ಆರ್‌ಜಿ-58 ಹಾಕಿದರೆ 144 ಮೆಗಾಹರ್ಟ್ಸ್‌ನಲ್ಲಿ ಸುಮಾರು 6 ಡಿಬಿ ಹೋಗುತ್ತೆ, ನಾಲ್ಕರಲ್ಲಿ ಒಂದು ಪಾಲು ಮಾತ್ರ ಮೇಲೆ ತಲುಪುತ್ತೆ. ಆರ್‌ಜಿ-213ರಲ್ಲಿ ಸುಮಾರು ಅರ್ಧ, ಎಲ್‌ಎಂಆರ್-400ರಲ್ಲಿ ಶೇ. 70. ಯಾಗಿಗೆ 14 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-213 ಧಾರಾಳ ಸಾಕು.

ಬೋಲ್ಟುಗಳೆಲ್ಲ ಸ್ಟೇನ್‌ಲೆಸ್ ಇರಲಿ, ಆಂಟಿಸೀಜ್ (ಬೋಲ್ಟ್ ಕಚ್ಚಿಕೊಳ್ಳದ ಹಾಗೆ ಮಾಡೋ ಪೇಸ್ಟ್) ಹಚ್ಚಿ. ಇಲ್ಲದಿದ್ದರೆ ಮುಂದೆ ಹ್ಯಾಕ್ಸಾ ಬ್ಲೇಡ್ ಹಿಡಿದೇ ಬಿಚ್ಚಬೇಕು. ತಾಮ್ರದ ಪಟ್ಟಿಯನ್ನ ಗ್ಯಾಲ್ವನೈಸ್ ಕಾಲಿಗೆ ನೇರವಾಗಿ ಮುಟ್ಟಿಸಬೇಡಿ, ಸತುವೆಲ್ಲ ಹೋಗುತ್ತೆ. ಮಧ್ಯೆ ಸ್ಟೇನ್‌ಲೆಸ್ ಇಡಿ. ತಪಾಸಣೆ ಏಪ್ರಿಲ್ ಒಳಗೇ ಮುಗಿಸಿ, ಜೂನ್‌ಗೆ ಕಾಯಬೇಡಿ. ತೌಕ್ತೆ ಚಂಡಮಾರುತ ಗೋವಾ ಕರಾವಳಿಗೆ ಬಡಿದದ್ದು 2021ರ ಮೇ ಮಧ್ಯದಲ್ಲಿ, ಮಳೆಗಾಲ ಶುರುವಾಗೋ ಮುಂಚೆ.

ಮುಲುಂಡಿನಿಂದ:

ಎಲ್ಲರೂ 60 ಅಡಿ ಅಂತ ಒಪ್ಪಿಕೊಂಡೇ ಬಿಟ್ಟಿದ್ದೀರಿ! ನಾನು ಸ್ವಲ್ಪ ಅಡ್ಡ ಮಾತಾಡ್ತೀನಿ. 20 ಮೀಟರಿಗೆ ಅರ್ಧ ತರಂಗ ಅಂದರೆ ಸುಮಾರು 33 ಅಡಿ. ಆ ಎತ್ತರದಲ್ಲಿ ಯಾಗಿಯ ಕಿರಣ ಸುಮಾರು 30 ಡಿಗ್ರಿಯಲ್ಲಿ ಏಳುತ್ತೆ, 60 ಅಡಿಯಲ್ಲಿ ಅದು 16-17ಕ್ಕೆ ಇಳಿಯುತ್ತೆ. ಡಿಎಕ್ಸ್‌ಗೆ, ಅಂದರೆ ದೂರದ ಸ್ಟೇಷನ್‌ಗಳ ಸಂಪರ್ಕಕ್ಕೆ, ಆ ವ್ಯತ್ಯಾಸ ನಿಜವಾದದ್ದೇ. ಆದರೂ ಮೊದಲ ವರ್ಷ ನಾಲ್ಕೇ ತುಂಡು ನಿಲ್ಲಿಸಿ, ಬುನಾದಿ ಮಾತ್ರ 60ಕ್ಕೆ ಹಾಕಿಸಿ. ಹೊಸಬರಿಗೆ ಬಿಚ್ಚಿ ಕಟ್ಟೋ ಕೆಲಸ ಪದೇ ಪದೇ ಬರುತ್ತೆ, ಅದು 40 ಅಡಿಯಲ್ಲಿ ಬರಲಿ.

ನಮಗೆ ಇಲ್ಲಿ ಸೊಸೈಟಿ ಟೆರೇಸೇ ಟವರ್, ಏಳು ಮಹಡಿ ಬಿಟ್ಟಿಯಾಗಿ ಸಿಗುತ್ತೆ. ಅನುಮತಿ ಮಾತ್ರ ಬಿಟ್ಟಿ ಸಿಗೋದಿಲ್ಲ! ಕಾಗೆಗಳ ಕಾಟ ಬೇರೆ. ಎಲಿಮೆಂಟ್ ಮೇಲೆ ತಂತಿ ಚೂರು ತಂದು ಗೂಡು ಕಟ್ತವೆ, ಟ್ಯೂನಿಂಗ್ ಕೆಡುತ್ತೆ. ಸಂಕ್ರಾಂತಿ ಆದಮೇಲೆ ಗಾಳಿಪಟದ ಮಾಂಜಾ ದಾರ ಬಿಡಿಸೋ ಕೆಲಸ ಇದ್ದೇ ಇದೆ.

ಪೋಂಡಾದಿಂದ ಮತ್ತೆ:

ನಾಲ್ಕು ತುಂಡಿನಿಂದಲೇ ಶುರು ಮಾಡ್ತೀನಿ. ಕೇಬಲ್ ಹುಡುಗರಿಗೆ ಬೇಡ ಅಂದೆ. ಹೌದು, ನೆಲ ಮುರಕಲ್ಲೇ. ಅರ್ತಿಂಗ್ ಹೇಗೆ? ಬೇಸಿಗೆಯಲ್ಲಿ ಹಾರೆಯೂ ಇಳಿಯೋದಿಲ್ಲ.

ವಾಸ್ಕೋದಿಂದ:

ಒಂದು ರಾಡಿನ ಆಸೆ ಬಿಡಿ. ಒಣಗಿದ ಮುರಕಲ್ಲು ಕರೆಂಟನ್ನ ಸರಿಯಾಗಿ ಬಿಡೋದಿಲ್ಲ. ಬೋರ್ ಮಾಡಿಸಿ, ಪ್ರತಿ ಕಾಲಿನಿಂದ ಒಂದೊಂದು ದಿಕ್ಕಿಗೆ ಜಿಐ ಪಟ್ಟಿ ಹೂತು, ಪಟ್ಟಿಯುದ್ದಕ್ಕೂ ರಾಡ್ ಹಾಕಿ. ಅದನ್ನ ಮನೆಯ ಅರ್ತಿಗೂ ಸೇರಿಸಿ. ಎರಡು ಬೇರೆ ಬೇರೆ ಅರ್ತ್ ಇದ್ದರೆ ಸಿಡಿಲಿನ ವೋಲ್ಟೇಜು ನಿಮ್ಮ ರೇಡಿಯೋ ಮೂಲಕ ದಾಟುತ್ತೆ. ಕೋಆಕ್ಸ್ ಕೇಬಲಿನ ಹೊರಕವಚ ಟವರ್ ಬುಡದಲ್ಲೂ ಮನೆಯ ಗೋಡೆಯಲ್ಲೂ ಅರ್ತ್ ಆಗಲಿ, ಗೋಡೆಯಲ್ಲಿ ಗ್ಯಾಸ್ ಟ್ಯೂಬ್ ಅರೆಸ್ಟರ್ (ಸಿಡಿಲಿನ ವೋಲ್ಟೇಜನ್ನ ಅರ್ತಿಗೆ ಇಳಿಸೋದು). ಗುಡುಗು ಕೇಳಿದರೆ ಕೇಬಲನ್ನ ಮುಟ್ಟೋಕೂ ಹೋಗಬೇಡಿ, ಅದಕ್ಕೇ ಮೇ ತಿಂಗಳು ಮತ್ತು ಅಕ್ಟೋಬರಿನಲ್ಲಿ ಆಪರೇಟ್ ಮಾಡಿ ಎದ್ದ ಕೂಡಲೇ ಬಿಚ್ಚಿ, ಮನೆಯ ಹೊರಗೇ ಬಿಡಿ.

ಚಿಂಚವಾಡದಿಂದ:

ಕರೆಂಟ್ ಲೈನ್ ಹತ್ತಿರ ಇದ್ದರೆ, ಟವರ್ ಮತ್ತು ಮಾಸ್ಟಿನ ಪೂರ್ತಿ ಎತ್ತರಕ್ಕಿಂತ ಜಾಸ್ತಿ ದೂರ ಬಿಡಿ, ಬಿದ್ದರೂ ತಾಗಬಾರದು. ಪಂಚಾಯತಿಯಲ್ಲಿ ಕೇಳಿ. ವಿಮಾನ ನಿಲ್ದಾಣದ ಎತ್ತರದ ಮಿತಿಯನ್ನೂ ನೋಡಿ. ಗೋವಾದ ದಾಬೋಳಿ ನೌಕಾಪಡೆಯ ನೆಲೆ, ಇಲ್ಲಿ ಪುಣೆಯ ಲೋಹಗಾಂವ್ ವಾಯುಪಡೆಯದು. ಆ ಸುತ್ತಿನವರು ಕಾಗದ ಕೈಗೆ ಬಂದಮೇಲೇ ಗುಂಡಿ ತೋಡೋದು.