'ಕಾಂಡಿಸೆಂಡ್' ಆದ್ಮೇಲೆ 'ಟು' ಬೇಕಾ?

ಪ್ರಶ್ನೆ: ಇಂಗ್ಲಿಷಲ್ಲಿ 'ಹಿ ಕಾಂಡಿಸೆಂಡೆಡ್ ಮಿ' ಯಾಕೆ ತಪ್ಪು? ಕನ್ನಡದಲ್ಲಿ 'ನನ್ನನ್ನು ಹೀಯಾಳಿಸಿದ' ಅಂತೀವಲ್ಲ?

ಉತ್ತರ 1: ಎಡವೋದು ಆ 'ಅನ್ನು' ಪ್ರತ್ಯಯದಲ್ಲೇ. 'ಕಾಂಡಿಸೆಂಡ್' ಕ್ರಿಯಾಪದ ನೇರ ಕರ್ಮ ತಗೊಳ್ಳಲ್ಲ. 'ಕಾಂಡಿಸೆಂಡೆಡ್ ಟು ಮಿ' ಅನ್ನಬೇಕು. ಕರ್ಮಣಿಯಲ್ಲೂ 'ಟು' ಬಿಡಬೇಡಿ: 'ಐ ವಾಸ್ ಕಾಂಡಿಸೆಂಡೆಡ್ ಟು'. ಕೊನೆ ಬೋಳಾಗಿ ಕಂಡರೂ ಅದೇ ಸರಿ. 'ಟು' ಬೇಡವೆಂದರೆ 'ಬಿಲಿಟಲ್ಡ್ ಮಿ' ಅಥವಾ 'ಪೇಟ್ರನೈಸ್ಡ್ ಮಿ' ಬಳಸಿ.

ಉತ್ತರ 2: ಅರ್ಥವೂ ಬೇರೆ. ಹೀಯಾಳಿಸೋದು ನೇರ ಚುಚ್ಚುಮಾತು. 'ಕಾಂಡಿಸೆಂಡ್' ಅಂದ್ರೆ 'ಪಾಪ, ನಿಂಗೆ ಅರ್ಥ ಆಗಲ್ಲ, ನಾನೇ ಹೇಳ್ತೀನಿ' ಅನ್ನೋ ಧಾಟಿ. 'ಟು' ನಂತರ ಕ್ರಿಯಾಪದ ಬಂದರೆ, 'ಶಿ ಕಾಂಡಿಸೆಂಡೆಡ್ ಟು ರಿಪ್ಲೈ', ದೊಡ್ಡ ಉಪಕಾರ ಮಾಡಿದವಳ ಹಾಗೆ ಉತ್ತರ ಕೊಟ್ಟಳು ಅಂತ.

ಪ್ರಶ್ನೆ ಕೇಳಿದವರು: 'ಟಾಕ್ ಡೌನ್'ಗೂ (ಕೀಳಾಗಿ ಕಂಡು ಮಾತಾಡೋದು) 'ಟು' ಬೇಕಾ?

ಉತ್ತರ 1: ಬೇಕೇ ಬೇಕು. 'ಟಾಕ್ಡ್ ಡೌನ್ ಟು ಮಿ'. 'ಟಾಕ್ಡ್ ಮಿ ಡೌನ್' ಅಂದ್ರೆ ಮಾತಾಡಿ ಸಮಾಧಾನ ಮಾಡಿದ, ಇಲ್ಲವೇ ಚೌಕಾಸಿ ಮಾಡಿ ಬೆಲೆ ಇಳಿಸಿದ ಅಂತಾಗುತ್ತೆ.