ಪದಚರ್ಚೆ: ನೀರು ನಿಲ್ಲುವ ‘ಸುಳಿ’ಗೆ ಏನೆನ್ನೋಣ? ‘ಕಂದು’ ಅಂದರೆ ಮರಿಯೋ ಬಣ್ಣವೋ?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯ ನವನಗರದಿಂದ ಬರೆಯುತ್ತಿದ್ದೇನೆ. ನನ್ನ ತಂಗಿ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಸಣ್ಣದೊಂದು ನರ್ಸರಿ ಇಟ್ಟಿದ್ದಾಳೆ. ಈ ಸಲ ಪುಣೆ ಕಡೆಯಿಂದ ಬ್ರೊಮೆಲಿಯಾಡ್ ತರಿಸಿದ್ದಾಳೆ. ನಿಯೋರೆಗೆಲಿಯಾ ಗುಂಪಿನ ಗಿಡ್ಡ ಹೈಬ್ರಿಡ್. ಎಷ್ಟು ಬೆಳೆದರೂ ಒಂದು ಗೇಣು ದಾಟುವುದಿಲ್ಲ. ಪ್ರತಿ ಕುಂಡದ ಜೊತೆ ಹತ್ತು ಸಾಲಿನ ಕನ್ನಡ ಚೀಟಿ ಕೊಡಬೇಕು ಎಂದು ಅವಳ ಆಸೆ. ಬರೆಯುವ ಕೆಲಸ ನನ್ನ ತಲೆಗೆ ಬಂತು. ಎಂಟು ಸಾಲು ಸಲೀಸಾಗಿ ಆಯಿತು. ಮೊದಲ ಗಿರಾಕಿಗಳಿಗೆ ಕರಡು ಚೀಟಿಯನ್ನೇ ಕೊಟ್ಟೆವು. ಉಳಿದ ಎರಡು ಸಾಲನ್ನು ತಿದ್ದುತ್ತಲೇ ಇದ್ದೇನೆ, ಇನ್ನೂ ಮುಗಿದಿಲ್ಲ.

ಗಿಡ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಅನಾನಸ್ ಗಿಡ ಗೊತ್ತಲ್ವಾ, ಇದು ಅದರ ಬಳಗವೇ. ಎಲೆಗಳು ಸುತ್ತಲೂ ಹೂವಿನ ಹಾಗೆ ಬಿಚ್ಚಿಕೊಂಡಿರುತ್ತವೆ. ಬುಡದಲ್ಲಿ ಒಂದಕ್ಕೊಂದು ಎಷ್ಟು ಬಿಗಿಯಾಗಿ ಅಪ್ಪಿಕೊಂಡಿರುತ್ತವೆ ಎಂದರೆ, ನಡುವೆ ಸುರಿದ ನೀರು ಸೋರುವುದೇ ಇಲ್ಲ. ಇದರ ತವರು ಬ್ರೆಜಿಲ್ ಕಾಡು. ಅಲ್ಲಿ ಹೆಚ್ಚಾಗಿ ಮರದ ಕೊಂಬೆಯ ಮೇಲೆ ಕೂತು ಬೆಳೆಯುತ್ತದೆ. ಹಾಗಂತ ಬಂದಳಿಕೆ ಅಲ್ಲ, ಮರದ ರಸ ಕುಡಿಯುವುದಿಲ್ಲ. ಬೇರಿರುವುದು ಮುಖ್ಯವಾಗಿ ಹಿಡಿದುಕೊಳ್ಳಲು. ನೀರು, ಗೊಬ್ಬರ ಎರಡನ್ನೂ ಎಲೆಯ ಮೇಲಿನ ಹುರುಪೆಯಂಥ ಸಣ್ಣ ಸಣ್ಣ ರೋಮಗಳೇ ಹೀರಿಕೊಳ್ಳುತ್ತವೆ. ಅದಕ್ಕೇ ನೀರನ್ನು ಕುಂಡಕ್ಕಿಂತ ಜಾಸ್ತಿ ನಡುವಿನ ಆ ತಗ್ಗಿಗೆ ಹಾಕಬೇಕು.

ಆ ತಗ್ಗಿಗೆ ಏನು ಹೆಸರು? ಇದೇ ನನ್ನ ಮೊದಲ ಪ್ರಶ್ನೆ.

ನಾನು ಸುಮ್ನೆ ‘ಸುಳಿ’ ಎಂದು ಬರೆದೆ. ‘ಸುಳಿಯಲ್ಲಿ ಯಾವಾಗಲೂ ನೀರಿರಲಿ.’ ಹೊಸ ಎಲೆ ಹೊರಡುವ ಜಾಗಕ್ಕೆ ನಮ್ಮಲ್ಲಿ ಬೇರೆ ಪದ ಇಲ್ಲ. ಜೋಳದ ಸುಳಿ, ಬಾಳೆಯ ಸುಳಿ, ತೆಂಗಿನ ಸುಳಿ. ನೀರು ಸುತ್ತುವುದೂ ಸುಳಿ, ತಲೆಗೂದಲು ಸುತ್ತಿಕೊಂಡಿರುವುದೂ ಸುಳಿ. ಎತ್ತು ಕೊಳ್ಳಲು ಸಂತೆಗೆ ಹೋದರೆ ನಮ್ಮಪ್ಪ ಹಲ್ಲು ನೋಡುವ ಮೊದಲು ಮೈಮೇಲಿನ ಸುಳಿ ನೋಡುತ್ತಿದ್ದ. ಎಲೆಯೂ ಸುತ್ತು, ನೀರೂ ಅಲ್ಲೇ ಇದೆ, ಇದಕ್ಕಿಂತ ಒಪ್ಪುವ ಪದ ಇನ್ನೇನು ಎಂದು ಖುಷಿಯಾಗಿದ್ದೆ.

ಚೀಟಿಯನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಸುಳ್ಯಾಗ ನೀರ ನಿಂತ್ರ ಕೊಳೀತೈತಲ್ಲೋ ತಮ್ಮಾ! ಯಾರಿಗಿ ಹೇಳಾಕತ್ತಿ ಇದನ್ನ?”

ಅಲ್ಲಿಗೆ ನನ್ನ ಖುಷಿ ಇಳಿಯಿತು. ಅವಳು ಹೇಳಿದ್ದು ಸರಿ. ಒಕ್ಕಲುತನದವರಿಗೆ ‘ಸುಳಿ’ ಅಂದರೆ ಜೀವದ ಜಾಗ, ಜೊತೆಗೆ ಭಯದ ಜಾಗ. ಜೋಳಕ್ಕೆ ಸುಳಿ ನೊಣ ಬಿದ್ದರೆ ನಡುವಿನ ಎಲೆ ಒಣಗುತ್ತದೆ, ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ. ತೆಂಗಿಗೆ ಸುಳಿ ಕೊಳೆ ಬಂದರೆ ಮರವೇ ಹೋಗುತ್ತದೆ. ಸುಳಿಗೆ ನೀರು ತುಂಬಿ ಎಂದು ಬರೆದರೆ ತಪ್ಪಾಗಿ ಅಚ್ಚಾಗಿದೆ ಎಂದುಕೊಳ್ಳುತ್ತಾರೆ, ಇಲ್ಲವೇ ನನಗೆ ಕೃಷಿ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಪದ ಸರಿ ಇದ್ದೂ ಅದರ ಹಿಂದಿನ ಅನುಭವ ಉಲ್ಟಾ. ಇಂಥದ್ದಕ್ಕೆ ಏನು ಮಾಡುವುದು?

ತಂಗಿ ‘ವಾಟಗ’ (ಸಣ್ಣ ಬಟ್ಟಲು) ಎಂದು ಬರೆ ಅಂದಳು. ನಮ್ಮ ಕಡೆ ಸರಿ, ತುಂಗಭದ್ರೆ ದಾಟಿದರೆ ಯಾರಿಗೂ ತಿಳಿಯುವುದಿಲ್ಲ. ‘ಬಟ್ಟಲು’ ಎಲ್ಲರಿಗೂ ತಿಳಿಯುತ್ತದೆ, ಆದರೆ ಕುಂಡದ ಕೆಳಗಿಡುವ ತಟ್ಟೆಯೂ ಎಷ್ಟೋ ಮನೆಯಲ್ಲಿ ಬಟ್ಟಲೇ. ಒಬ್ಬ ಗಿರಾಕಿ ನಿಜಕ್ಕೂ ಅದಕ್ಕೇ ನೀರು ತುಂಬಿ ಬೇರು ಕೊಳೆಸಿಕೊಂಡು ಬಂದರು. ‘ದೊನ್ನೆ’ ಚೆಂದ, ಎಲೆಯಿಂದಲೇ ಆಗುವ ಪಾತ್ರೆ. ಆದರೆ ಓದಿದ ಕೂಡಲೇ ಪ್ರಸಾದದ ನೆನಪಾಗುತ್ತದೆ.

ಅವ್ವ ಮಾತ್ರ ಈಗ ತನ್ನದೇ ಪದ ಮಾಡಿಕೊಂಡಿದ್ದಾಳೆ. ಬೆಳಿಗ್ಗೆ ತಂಬಿಗೆ ಹಿಡಿದು ಹೋಗಿ “ಗಿಡದ ಬಾಯಾಗ ನೀರ ಬಿಟ್ಟು ಬಂದೆ” ಅನ್ನುತ್ತಾಳೆ. ಚೀಟಿಗೆ ಹಾಕೋಣ ಎಂದರೆ ತಂಗಿ ಬಿಲ್‌ಕುಲ್ ಒಪ್ಪಲಿಲ್ಲ. ಬಾಯಿಗೆ ನೀರು ಬಿಡುವುದು ಯಾವಾಗ ಎಂದು ನಿಮಗೆ ನಾನು ಹೇಳಬೇಕಿಲ್ಲ. ಗಿಡ ಕೊಂಡ ದಿನವೇ ಯಾರು ಅದನ್ನು ಓದುತ್ತಾರೆ!

ನನ್ನ ಮನಸ್ಸು ಈಗ ‘ದೊಣೆ’ ಕಡೆ ಹೊರಳಿದೆ. ಬಾದಾಮಿ ಗುಡ್ಡ ಹತ್ತಿದವರಿಗೆ ಗೊತ್ತು. ಬಂಡೆಯ ನೆತ್ತಿಯ ತಗ್ಗಿನಲ್ಲಿ ಮಳೆ ನೀರು ನಿಂತಿರುತ್ತದೆ, ಅದು ದೊಣೆ. ಬಾವಿಯ ಹಾಗೆ ಒಳಗಿನಿಂದ ಒಸರುವುದಿಲ್ಲ, ಮೇಲಿನಿಂದ ಬಿದ್ದದ್ದನ್ನು ಹಿಡಿದಿಡುತ್ತದೆ. ಈ ಗಿಡ ಮಾಡುವುದೂ ಅದನ್ನೇ. ನಿಜ ಹೇಳಬೇಕೆಂದರೆ ಇದಕ್ಕೆ ಹಿಡಿಸುವುದೂ ಮಳೆ ನೀರೇ. ನಮ್ಮ ಬೋರಿನ ಗಡಸು ನೀರು ಹಾಕಿದರೆ ಎಲೆಯ ಮೇಲೆ ಬಿಳಿ ಸುಣ್ಣದ ಗೆರೆ ಕೂರುತ್ತದೆ. ಆದರೆ ದೊಣೆ ಎಂದರೆ ಇವತ್ತಿನ ಹುಡುಗರಿಗೆ ತಿಳಿಯುತ್ತದಾ? ‘ಎಲೆದೊಣೆ’ ಎಂದು ಜೋಡಿಸಿದರೆ? ಅಥವಾ ಹಟ ಬಿಟ್ಟು ‘ಸುಳಿಬಟ್ಟಲು’ ಎನ್ನೋಣವಾ?

ಇನ್ನೊಂದು ತೊಡಕೂ ಇದೆ. ನಡುವೆ ಮಾತ್ರ ನೀರು ನಿಲ್ಲುವುದಲ್ಲ, ಹೊರಗಿನ ಒಂದೊಂದು ಎಲೆಯ ಬುಡದಲ್ಲೂ ಚಿಟಿಕೆ ನೀರು ನಿಲ್ಲುತ್ತದೆ. ಆ ಜಾಗಕ್ಕೆ ಕನ್ನಡದ ಸಸ್ಯಶಾಸ್ತ್ರದಲ್ಲಿ ‘ಕಂಕುಳು’ ಎಂಬ ಪದ ಇದೆ. ಸರಿಯಾದ ಪದವೇ. ಆದರೆ ‘ಕಂಕುಳಲ್ಲಿ ನೀರು ನಿಂತಿರಲಿ’ ಎಂದು ಬಾಗಲಕೋಟೆಯ ಏಪ್ರಿಲ್ ಬಿಸಿಲಲ್ಲಿ ಬರೆದರೆ ಜನ ನಗುತ್ತಾರೆ.

ಇದು ಬರೀ ಪದದ ಮಾತಲ್ಲ. ಸೊಳ್ಳೆ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ತೊಟ್ಟಿ, ಟೈರು ಎಲ್ಲ ನೋಡಿ, ಈ ಗಿಡದ ಮುಂದೆ ನಿಂತುಬಿಟ್ಟರು. ಒಳಗೆ ಎರಡು ಹುಳ ಕುಣಿಯುತ್ತಿದ್ದವು. “ಎಲ್ಲಿ ಸಿಕ್ಕಿತು ಅಂತ ಬರಕೊಳ್ಳಲ್ರೀ ಅಕ್ಕಾರ?” ಎಂದು ತಂಗಿಯನ್ನು ಕೇಳಿದರು. ತಂಗಿ ಉತ್ತರ ಹೇಳಲಾರದೆ ನನ್ನ ಮುಖ ನೋಡಿದಳು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದಕ್ಕೇ ಚೀಟಿಯಲ್ಲಿ ಈಗ ‘ಮೂರು ನಾಲ್ಕು ದಿನಕ್ಕೊಮ್ಮೆ ಕುಂಡ ಬಗ್ಗಿಸಿ ಹಳೆ ನೀರು ಚೆಲ್ಲಿ, ಹೊಸದು ಹಾಕಿ’ ಎಂದು ಸೇರಿಸಿದ್ದೇವೆ. ಎಲ್ಲಿಂದ ಚೆಲ್ಲಬೇಕು ಎನ್ನುವ ಜಾಗ ಮಾತ್ರ ಖಾಲಿ ಇದೆ.

ಎರಡನೇ ಪದ ‘ಕಂದು’. ಈ ಗಿಡ ಒಂದೇ ಸಲ ಹೂ ಬಿಡುತ್ತದೆ. ಹೂವೂ ಅಂಥದ್ದೇನಲ್ಲ, ನೀರಿನ ಮಟ್ಟದಲ್ಲೇ ಇಣುಕುವ ಸಣ್ಣ ಹೂ. ಆಮೇಲೆ ನಡುವಿನಿಂದ ಹೊಸ ಎಲೆ ಬರುವುದಿಲ್ಲ. ತಾಯಿ ನಿಧಾನಕ್ಕೆ, ವರ್ಷ ಎರಡು ವರ್ಷ ತೆಗೆದುಕೊಂಡು, ಒಣಗುತ್ತದೆ. ಅಷ್ಟರಲ್ಲಿ ಬುಡದಿಂದ ಮರಿಗಳು ಬಂದಿರುತ್ತವೆ. ತಾಯಿಯ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಬೆಳೆದ ಮೇಲೆ ಅವನ್ನು ಕತ್ತರಿಸಿ ಬೇರೆ ನೆಡಬೇಕು. ಪೂರ್ತಿ ಬಾಳೆಯ ಸಂಸಾರವೇ. ಹಾಗಾಗಿ ಬಾಳೆಯ ಪದವನ್ನೇ ತಂದು ‘ಹೂ ಆದ ಮೇಲೆ ಗಿಡಕ್ಕೆ ಕಂದು ಬರುತ್ತದೆ, ಗಾಬರಿ ಬೇಡ’ ಎಂದು ಬರೆದೆ. ತೋಟಗಾರಿಕೆಯ ಕನ್ನಡ ಕೈಪಿಡಿಗಳಲ್ಲೂ ಬಾಳೆಗೆ ‘ಕತ್ತಿ ಕಂದು’ ಎಂದೇ ಇರುತ್ತದೆ.

ಮೊದಲು ಕೊಂಡವರೊಬ್ಬರು ಒಂದು ತಿಂಗಳಿಗೆ ಫೋಟೋ ಕಳಿಸಿದರು. “ನೀವು ಬರೆದಂತೆ ಕಂದು ಬಂದಿದೆ, ಗಾಬರಿಯಾಗಿಲ್ಲ.” ನೋಡಿದರೆ ಎಲೆಯೆಲ್ಲ ಬಿಸಿಲಿಗೆ ಸುಟ್ಟು ಕಂದು ಬಣ್ಣ! ಪಾಪ, ನೆರಳಿಗೆ ಎತ್ತಿಡುವ ಬದಲು ನನ್ನ ಚೀಟಿ ನಂಬಿ ಕೂತಿದ್ದರು. ಕಂದು ಎಂದರೆ ಬಣ್ಣ, ಕಂದು ಎಂದರೆ ಬಾಡು, ಕಂದು ಎಂದರೆ ಮರಿ. ಬಾಳೆತೋಟದಲ್ಲಿ ಯಾರಿಗೂ ಗೊಂದಲ ಆಗದ ಪದ ಕುಂಡದಲ್ಲಿ ಕೈಕೊಟ್ಟಿತು. ಗಿಡದ ಕೆಂಪು ಉಳಿಯಲು ಬೆಳಕು ಚೆನ್ನಾಗಿ ಬೇಕು, ಕತ್ತಲಲ್ಲಿಟ್ಟರೆ ಹಸಿರಾಗಿ ಉದ್ದುದ್ದ ಜೋತು ಬೀಳುತ್ತದೆ. ಆದರೆ ನಮ್ಮ ಮಧ್ಯಾಹ್ನದ ಬಿಸಿಲಿಗೆ ನೆರಳು ಪರದೆ ಕಟ್ಟಲೇಬೇಕು. ಅದನ್ನು ಮೊದಲೇ ಬರೆಯಬೇಕಿತ್ತು.

‘ಮರಿ’ ಎಂದೇ ಬರೆಯಲಾ? ಇಲ್ಲಿ ಕಬ್ಬೂ ಮರಿ ಒಡೆಯುತ್ತದೆ, ಹಾಗಾಗಿ ಕೇಳಲು ಹೊಸದೇನಲ್ಲ. ‘ಕುಡಿ’ ಎಂದರೆ ಕೆಲವರು ಎಲೆಯ ತುದಿ ಅಂದುಕೊಳ್ಳುತ್ತಾರೆ. ‘ಕೂಳೆ’ ಆಗುವುದಿಲ್ಲ, ಅದು ಕೊಯ್ದ ಮೇಲೆ ಚಿಗುರುವುದು.

ಹೈಬ್ರಿಡ್‌ಗೆ ‘ಮಿಶ್ರತಳಿ’ ಬೇಕು ಎಂದು ಯಾರೂ ದಯವಿಟ್ಟು ಬರೆಯಬೇಡಿ. ಜವಾರಿ, ಹೈಬ್ರಿಡ್ ಎಂದು ಇಲ್ಲಿ ಟೊಮೆಟೊ ಮಾರುವ ಅಜ್ಜಿಯೂ ಹೇಳುತ್ತಾಳೆ.

ಚೀಟಿಯಲ್ಲಿ ತಕರಾರಿಲ್ಲದೆ ಕೂತ ಒಂದು ಪದವನ್ನೂ ಹೇಳುತ್ತೇನೆ: ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಆ ನೀಲಿ ಹರಳು. ಬ್ರೊಮೆಲಿಯಾಡ್‌ಗೆ ತಾಮ್ರ ವಿಷ. ನಮ್ಮಣ್ಣ ದಾಳಿಂಬೆಗೆ ಹೊಡೆದು ಉಳಿದ ಬೋರ್ಡೊ ದ್ರಾವಣವನ್ನು (ಮೈಲುತುತ್ತು, ಸುಣ್ಣ ಕಲಸಿದ ನೀರು), ರೋಗ ಬರದಿರಲಿ ಎಂದು, ಈ ಕುಂಡಗಳಿಗೂ ಸಿಂಪಡಿಸಿ ಎರಡು ಗಿಡ ಕಳೆದ. ‘ತಾಮ್ರಯುಕ್ತ ಶಿಲೀಂಧ್ರನಾಶಕ’ ಎಂದು ಬರೆದಿದ್ದರೆ ಅವನು ಮತ್ತೂ ಹೊಡೆಯುತ್ತಿದ್ದ. ‘ಮೈಲುತುತ್ತು ತಾಗಿಸಬೇಡಿ’ ಎಂದಾಗ ಥಟ್ಟನೆ ತಿಳಿಯಿತು. ಅಂದ ಹಾಗೆ ಆ ‘ಮೈಲು’ ದೂರದ ಮೈಲಿ ಅಲ್ಲ, ತಮಿಳಿನ ‘ಮಯಿಲ್’, ನವಿಲು. ಬಣ್ಣ ನೋಡಿದವರಿಗೆ ಹೌದೆನಿಸುತ್ತದೆ.

ಈಗ ನಿಮ್ಮ ಸರದಿ. ಮಲೆನಾಡಿನವರು ಅಡಿಕೆ, ಅನಾನಸ್ ತೋಟದಲ್ಲಿ ಈ ನಡುವಿನ ತಗ್ಗಿಗೆ ಏನನ್ನುತ್ತೀರಿ? ಕರಾವಳಿಯವರು ಕೇದಿಗೆಯ ನಡುವೆ ನೀರು ನಿಂತರೆ ಏನನ್ನುತ್ತೀರಿ? ದೊಣೆ ಎಂಬ ಪದವನ್ನು ಬಂಡೆ ಬಿಟ್ಟು ಬೇರೆಯದಕ್ಕೆ ಬಳಸಿದ್ದು ಯಾರಾದರೂ ಕೇಳಿದ್ದೀರಾ? ಪುಸ್ತಕದ ಪದಕ್ಕಿಂತ ಮನೆಯಲ್ಲಿ ಕೇಳಿದ ಪದ ಕಳಿಸಿ, ಯಾವ ಊರಿನದು ಎಂದೂ ಬರೆಯಿರಿ. ಚೀಟಿ ಶುಕ್ರವಾರ ಪ್ರೆಸ್ಸಿಗೆ ಹೋಗುತ್ತದೆ. ಅಷ್ಟರಲ್ಲಿ ಏನೂ ಸಿಗದಿದ್ದರೆ ‘ನಡುವಿನ ತಗ್ಗು’ ಎಂದು ಹಾಕಿ, ಪಕ್ಕದಲ್ಲಿ ಬಾಣದ ಗುರುತಿರುವ ಚಿತ್ರ ಬರೆದುಬಿಡುತ್ತೇನೆ.