ಗೇರುಬೀಜದ ದುಡ್ಡಿನಲ್ಲಿ ಜಿಎಸ್‌ಟಿ ಹಿಡಿಯಬಹುದಾ?

ಗುಡ್ಡೆತೋಟ_ಹೆಬ್ರಿ:
ನಮ್ಮ ಮನೆ ಹಿಂದಿನ ಗುಡ್ಡೆಯಲ್ಲಿ 60 ಗೇರು ಮರಗಳಿವೆ. ಅಪ್ಪ ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಹೂ ಬಿಡುವಾಗ ಮೋಡ ಬಂದು ಈ ಸಲ ಫಸಲು ಕಡಿಮೆ. ನಾನು, ಅಮ್ಮ, ಇಬ್ಬರು ಕೆಲಸದ ಹೆಂಗಸರು ಬೆಳಿಗ್ಗೆ ಬೆಳಿಗ್ಗೆ ಹೆಕ್ಕಿ, ಅಂಗಳದಲ್ಲಿ ಒಣಗಿಸಿ 140 ಕೆಜಿ ಮಾರಿದೆವು. ಕೆಜಿಗೆ 115ರಂತೆ 16,100 ರೂಪಾಯಿ. ಅಂಗಡಿಯವರು ಚೀಟಿಯಲ್ಲಿ ‘ಜಿಎಸ್‌ಟಿ 5%’ ಅಂತ ಬರೆದು 805 ಹಿಡಿದುಕೊಂಡರು. ‘ನಿಮಗೆ ನಂಬರ್ ಇಲ್ಲ, ಅದಕ್ಕೇ ಹಿಡಿಯಬೇಕು’ ಅಂದರು. ಇಬ್ಬರು ಹೆಂಗಸರ ಒಂದು ದಿನದ ಕೂಲಿ ಅದು. ಇದು ಸರಿಯಾ?

ಲೆಕ್ಕದವಳು_ಉಡುಪಿ:
ಸರಿಯಲ್ಲ ಅಕ್ಕ. ಬೆಳೆದದ್ದನ್ನು ಮಾರುವ ಕೃಷಿಕರಿಗೆ ಜಿಎಸ್‌ಟಿ ನಂಬರೇ ಬೇಡ. ಕೆಲಸದವರನ್ನು ಇಟ್ಟುಕೊಂಡು ನೀವೇ ನಿಂತು ಮಾಡಿಸಿದರೂ ನೀವು ಕೃಷಿಕರೇ. ಸಿಪ್ಪೆ ಸಹಿತ ಗೇರುಬೀಜಕ್ಕೆ ‘ರಿವರ್ಸ್ ಚಾರ್ಜ್’ ಇದೆ. ಅಂದರೆ ರಿಜಿಸ್ಟ್ರೇಶನ್ ಇರುವ ವ್ಯಾಪಾರಿ ಕೃಷಿಕರಿಂದ ಕೊಂಡರೆ 5% ತೆರಿಗೆ ಕಟ್ಟಬೇಕಾದದ್ದು ಆ ವ್ಯಾಪಾರಿಯೇ. ಅವರಿಗೆ ರಿಜಿಸ್ಟ್ರೇಶನ್ ಇಲ್ಲದಿದ್ದರೆ ಆ ತೆರಿಗೆಯ ಮಾತೇ ಇಲ್ಲ. ಚೀಟಿ ಎಸೆಯಬೇಡಿ.

ಬೀಜದಂಗಡಿ_ಕಾರ್ಕಳ:
ನಾನೂ ಬೀಜ ಕೊಳ್ಳುವವನು. ನಮ್ಮ ಕಷ್ಟವೂ ಕೇಳಿ ಮಾರಾಯ್ರೆ. ರಿವರ್ಸ್ ಚಾರ್ಜನ್ನು ನಗದಾಗಿಯೇ ಕಟ್ಟಬೇಕು, ಹಳೆ ಕ್ರೆಡಿಟ್‌ನಲ್ಲಿ, ಅಂದರೆ ಖರೀದಿಯಲ್ಲಿ ಮೊದಲೇ ಕೊಟ್ಟ ತೆರಿಗೆಯ ಲೆಕ್ಕದಲ್ಲಿ, ವಜಾ ಮಾಡುವ ಹಾಗಿಲ್ಲ. ಕಟ್ಟಿದ ಮೇಲೆ ಕ್ರೆಡಿಟ್ ಸಿಗುತ್ತದೆ ನಿಜ. ಆದರೆ ಸೀಸನ್‌ನಲ್ಲಿ ಕೈಯಲ್ಲಿ ದುಡ್ಡು ಬೇಕಲ್ವಾ? ಹಾಗಂತ ಬೆಳೆಗಾರರ ತಲೆಗೆ ಹಾಕುವುದು ತಪ್ಪು. ಕೊಡಲು ಆಗುವ ರೇಟನ್ನು ಮೊದಲೇ ಹೇಳಬೇಕು. ಒಪ್ಪಿದ ಮೇಲೆ ತೆರಿಗೆ ಹೆಸರಲ್ಲಿ ಹಿಡಿಯಬಾರದು.

ಲೆಕ್ಕದವಳು_ಉಡುಪಿ:
ಅದೇ ನನಗೆ ಬೇಜಾರು. ಅಂಗಡಿಗೆ ಕ್ರೆಡಿಟ್ ಇದೆ. ಗೋಡಂಬಿ ಎಕ್ಸ್‌ಪೋರ್ಟ್ ಮಾಡುವ ಫ್ಯಾಕ್ಟರಿಗೆ ರೀಫಂಡ್ ಇದೆ. ಆಫ್ರಿಕಾದಿಂದ ಬರುವ ಬೀಜದ ಕಸ್ಟಮ್ಸ್ ಸುಂಕವನ್ನೂ 2018ರ ಬಜೆಟ್‌ನಲ್ಲಿ 5ರಿಂದ 2.5%ಗೆ ಇಳಿಸಿದರು. ಅಕ್ಕನ 805 ಮಾತ್ರ ಇಂಥ ಯಾವ ದಾರಿಯಲ್ಲೂ ವಾಪಸ್ ಬರುವುದಿಲ್ಲ. ಹೆಕ್ಕಿದವರ ದುಡ್ಡು ಅದು.

ಗುಡ್ಡೆತೋಟ_ಹೆಬ್ರಿ:
ಇಬ್ಬರಿಗೂ ಥ್ಯಾಂಕ್ಸ್. ಅಮ್ಮ ಚೀಟಿಯನ್ನು ಅಕ್ಕಿ ಡಬ್ಬದ ಅಡಿ ಇಟ್ಟಿದ್ದರು, ಸಿಕ್ಕಿತು. ಅದರಲ್ಲಿ ಅಂಗಡಿಯ ಜಿಎಸ್‌ಟಿ ನಂಬರೂ ಇದೆ. ಇನ್ನೂ ಎರಡು ಗೋಣಿ ಬೀಜ ಮನೆಯಲ್ಲಿದೆ. ಸೋಮವಾರ ಚೀಟಿ ಹಿಡಿದುಕೊಂಡು ಹೋಗುತ್ತೇನೆ. 805 ಕೈಗೆ ಬಂದ ಮೇಲೆಯೇ ಆ ಗೋಣಿ ಇಳಿಸುವುದು.